ಕ್ಯಾಂಟೀನಣ್ಣನ ನಾಲಿಗೆ

ನನ್ನ ಅಂಗಡಿಗೇ ಬಂದು ನನ್ನನ್ನೇ ಮೋಸಗಾತಿ ಎನ್ನುವ ಧೈರ್ಯ ಮಾಡಿದವರು ಈ ಬೀದಿಯಲ್ಲಿ ಒಬ್ಬರೇ, ನಮ್ಮ ಕ್ಯಾಂಟೀನಣ್ಣ. ಅದೂ ಬೆಳ್ಳಂಬೆಳಗ್ಗೆ, ಹಾಲಿಗೆ, ಬ್ರೆಡ್ಡಿಗೆ ಜನ ನಿಂತಿರುವಾಗ. ಟೊಮೆಟೊ ಸಾಸಿನ ಬಾಟಲಿಯೊಂದನ್ನು ತಂದು ನನ್ನ ತಕ್ಕಡಿಯ ಪಕ್ಕದಲ್ಲಿ ಕುಕ್ಕಿ, ಇದು ನಕಲಿ ಮಾಲು, ಅಸಲಿ ಬಾಟಲಿ ಎಲ್ಲಿಟ್ಟಿದ್ದೀಯೋ ಅದನ್ನು ತೆಗಿ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಅಪ್ಪನ ಕಾಲದಿಂದ ನಡೆದುಬಂದ ಅಂಗಡಿ ಇದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಳ ತೆಗೆದು ಮೂಸಿ, ಕೊನೆಗೆ ಅದನ್ನೇ ಬಗಲಲ್ಲಿಟ್ಟುಕೊಂಡು ಹೊರಟುಹೋದರು. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬದ ಮನುಷ್ಯ ಎಂದು ಬಿಟ್ಟೆ, ಇಲ್ಲದಿದ್ದರೆ ಅವತ್ತೇ ಗ್ರಹಚಾರ ಬಿಡಿಸುತ್ತಿದ್ದೆ.

ಟೈರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹರೆಯದಿಂದ ಹಿಡಿದು ತಲೆ ಬೆಳ್ಳಗಾಗುವವರೆಗೆ ದುಡಿದವರು ಅವರು. ಬೇಯಿಸುವವರು, ಹುರಿಯುವವರು, ಹಿಟ್ಟು ಕಲಸುವವರು ಬೇರೆ ಇದ್ದರು. ಇವರ ಪಾಲಿಗೆ ಬಂದದ್ದು ಸಾಸು, ಸಾಸಿವೆ ಅರೆದ ಗೊಜ್ಜು, ಮತ್ತೆ ಮಾಂಸ ನೆನೆಹಾಕುವ ಮಸಾಲೆ. ಮೂರು ಪಾಳಿಯ ಜನ ತಿನ್ನುವ ಕೋಳಿ, ಮೀನೆಲ್ಲ ಹಿಂದಿನ ದಿನವೇ ಇವರ ಮಸಾಲೆಯಲ್ಲಿ ಮುಳುಗಬೇಕು. ಸ್ನಾನದ ತೊಟ್ಟಿಯಷ್ಟು ದೊಡ್ಡ ಪಾತ್ರೆ, ಅದರಲ್ಲಿ ವಿನೆಗರು, ಬೆಳ್ಳುಳ್ಳಿ, ಮೆಣಸಿನಪುಡಿ, ಉಪ್ಪು. ತಿರುವಲಿಕ್ಕೆ ದೋಣಿಯ ಹುಟ್ಟಿನಂಥ ಮರದ ಸೌಟು. ಬೆಳಗ್ಗೆ ಶುರು ಮಾಡಿದರೆ ಸಂಜೆ ಏಪ್ರನ್ನು ಬಿಚ್ಚುವವರೆಗೂ ಅವರದೊಂದೇ ಕೆಲಸ: ತಿರುವು, ಎಡಗೈ ಹಿಂಬದಿಗೆ ಒಂದು ಹನಿ ಹಾಕು, ನೆಕ್ಕು. ಹಾಳೆಯಲ್ಲಿ ಬರೆದ ಅಳತೆ ಇರಲಿಲ್ಲ. ನಿನ್ನೆಯ ಹಾಗೆ ಇದೆಯೋ ಇಲ್ಲವೋ, ಅಷ್ಟೇ ಲೆಕ್ಕ. ಆ ಕೈಯ ಚರ್ಮ ಒಂದು ಕಡೆ ಸದಾ ಕೆಂಪಗಿರುತ್ತಿತ್ತು.

ಇಂಥವರ ಮನೆಯಲ್ಲಿ ಊಟಕ್ಕೆ ಏನಿರುತ್ತಿತ್ತು ಹೇಳಿ? ಅಂಗಡಿ ಸಾಸು! ಅತ್ತಿಗೆ, ಎಂದರೆ ಅವರ ಹೆಂಡತಿ, ನನ್ನ ಹತ್ತಿರವೇ ಒಯ್ಯುತ್ತಿದ್ದರು. ಒಂದು ಬಾಟಲಿಯಲ್ಲ, ಒಟ್ಟಿಗೇ ನಾಲ್ಕೈದು. ಬ್ರೆಡ್ಡಿಗೂ ಅದೇ, ಮೊಟ್ಟೆಗೂ ಅದೇ, ಬೇಯಿಸಿದ ಆಲೂಗಡ್ಡೆಗೂ ಅದೇ. ಬೀದಿಗೆಲ್ಲ ಇದೊಂದು ತಮಾಷೆಯಾಗಿತ್ತು. ಕ್ಯಾಂಟೀನಣ್ಣನೂ ಸುಮ್ಮನಿರುತ್ತಿರಲಿಲ್ಲ. ಕಾರ್ಖಾನೆಗೆಲ್ಲ ನಾನು ಸಾಸು ಮಾಡಿ ಬಡಿಸ್ತೀನಿ, ಇವಳು ನನಗೆ ಬಣ್ಣದ ನೀರು ಕುಡಿಸ್ತಾಳೆ ಎಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತಿಗೆಗೆ ಕೇಳಿಸುವಂತೆಯೇ ಹೇಳುತ್ತಿದ್ದರು. ಅತ್ತಿಗೆ ನಗುತ್ತಲೂ ಇರಲಿಲ್ಲ, ಮುನಿಯುತ್ತಲೂ ಇರಲಿಲ್ಲ. ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಅಷ್ಟೆಲ್ಲ ಅಂದರೂ ಮನೆಯಲ್ಲಿ ಈ ಪುಣ್ಯಾತ್ಮರು ತಟ್ಟೆಯ ಅಂಚಿನವರೆಗೂ ಬೆರಳಾಡಿಸಿ ತಿನ್ನುತ್ತಿದ್ದರು. ಅದನ್ನೂ ಅವರೇ ಆಮೇಲೆ ಹೇಳಿದ್ದು.

ಅತ್ತಿಗೆ ಒಂದು ಬೆಳಗ್ಗೆ ಬಟ್ಟೆ ಒಣಹಾಕುತ್ತ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಮನೆ. ಕ್ಯಾಂಟೀನಣ್ಣ ವಾರ ಕಳೆಯುವುದರೊಳಗೆ ಕೆಲಸಕ್ಕೆ ಹೋದರು, ಮನೆಯಲ್ಲಿ ಕುಳಿತು ಗೋಡೆ ನೋಡಲೇ ಎಂದರು. ಆದರೆ ಕೆಲವು ತಿಂಗಳಿಗೆ ಕ್ಯಾಂಟೀನಿಗೆ ಹೊಸ ಗುತ್ತಿಗೆದಾರ ಬಂದ. ಮಸಾಲೆ ಡಬ್ಬದಲ್ಲಿ ಬರತೊಡಗಿತು, ಸಾಸು ಪೊಟ್ಟಣದಲ್ಲಿ. ಕತ್ತರಿ ಹಿಡಿದು ಪೊಟ್ಟಣ ಕತ್ತರಿಸುವುದಕ್ಕೆ ಹಳೆಯ ಮನುಷ್ಯ ಯಾಕೆ ಎಂದು ಅವರನ್ನು ಮನೆಗೆ ಕಳುಹಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅತ್ತಿಗೆ ತಂದಿಟ್ಟಿದ್ದ ಬಾಟಲಿಗಳಲ್ಲಿ ಕಡೆಯದೂ ಮುಗಿದಿತ್ತು. ಹೊಸದು ಕೊಳ್ಳಲು ನನ್ನ ಅಂಗಡಿಗೆ ಬಂದರು. ಕೊಂಡ ಮಾರನೆಯ ದಿನವೇ ಆ ರಂಪ.

ರಂಪ ಒಂದೇ ದಿನಕ್ಕೆ ಮುಗಿಯಲಿಲ್ಲ. ಬೇರೆ ಬಾಟಲಿ ಒಯ್ದರು, ಅದೂ ಅಲ್ಲವಂತೆ. ಊರಾಚೆಯ ದೊಡ್ಡ ಅಂಗಡಿಯಿಂದ ತಂದರು, ಅದೂ ಅಲ್ಲ. ಒಂದು ದಿನ ನನ್ನೆದುರಿಗೇ ಬಾಟಲಿ ತೆರೆದು, ನೀನೇ ನೋಡು ಎಂದು ಚಮಚ ಕೈಗಿತ್ತರು. ನೋಡಿದೆ. ನಾನು ಚಿಕ್ಕಂದಿನಿಂದ ತಿಂದದ್ದೇ, ಸಕ್ಕರೆ ಸಕ್ಕರೆ. ಅದೇ ಇದೆಯಲ್ಲ ಅಣ್ಣ ಎಂದೆ. ಅವರು ತಲೆ ಅಲ್ಲಾಡಿಸಿದರು. ನಿನಗೆ ಗೊತ್ತಾಗಲ್ಲ, ಇದು ಬರೀ ಸಿಹಿ, ಗಂಟಲಿಗೆ ಅಂಟುತ್ತೆ. ಮನೆಯಲ್ಲಿ ತಿನ್ನುತ್ತಿದ್ದದ್ದು ಬೇರೆ, ಅದರಲ್ಲಿ ಹಣ್ಣಿನ ರುಚಿ ಇತ್ತು, ಬಾಯಿಗೆ ಹಾಕಿದರೆ ದಿನದ ಸುಸ್ತೆಲ್ಲ ಇಳಿಯುತ್ತಿತ್ತು ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ಅವಳು ಅದಕ್ಕೆ ಏನೋ ಹಾಕ್ತಿದ್ದಳು ತಂಗಿ. ನನಗೆ ಅಂತ ಏನೋ ಮಾಡ್ತಿದ್ದಳು. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ."

ಆವತ್ತು ನನ್ನ ಸಿಟ್ಟು ಇಳಿಯಿತು. ಇವರಿಗೆ ಬೇಕಾದದ್ದು ಸಾಸಲ್ಲ. ಅಷ್ಟು ವರ್ಷ ಬಾಯಿಗೆ ಬಂದಂತೆ ಹಂಗಿಸಿದರೂ ಆ ಹೆಂಗಸು ತನಗಾಗಿ ಗುಟ್ಟಾಗಿ ಏನಾದರೂ ಮಾಡುತ್ತಿದ್ದಳೋ ಇಲ್ಲವೋ, ಅದು ತಿಳಿಯಬೇಕಿತ್ತು. ಅದು ಸಿಕ್ಕಿಬಿಟ್ಟರೆ ಹೆಂಡತಿಯೇ ಸಿಕ್ಕಂತೆ ಎಂದುಕೊಂಡಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಪ್ರಯೋಗ. ದಿನವೂ ಬಂದು ಒಂದೊಂದೇ ಸಾಮಾನು ಒಯ್ಯುವುದು: ಇವತ್ತು ಲವಂಗ, ನಾಳೆ ಶುಂಠಿ, ನಾಡಿದ್ದು ಈರುಳ್ಳಿ. ಎಲ್ಲವನ್ನೂ ಒಟ್ಟಿಗೇ ಒಯ್ಯಬಾರದೇ ಎಂದರೆ, ಆಮೇಲೆ ನಿನ್ನ ಅಂಗಡಿಗೆ ಬರಲಿಕ್ಕೆ ನೆಪ ಬೇಡವೇ ಎಂದು ನಕ್ಕರು. ನಗುವ ಮಾತಲ್ಲ ಅದು. ನಾನು ಕಂಡ ಹಾಗೆ ಅವರು ಇಡೀ ದಿನದಲ್ಲಿ ಮಾತಾಡುತ್ತಿದ್ದದ್ದು ನನ್ನೊಬ್ಬಳ ಜೊತೆ. ಒಮ್ಮೆ ಬೆಣ್ಣೆ ಕೊಡಲು ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಮೇಜಿಗೆ ಎರಡು ಕುರ್ಚಿ. ಒಂದರ ಮೇಲೆ ಅವರು ಕೂರುತ್ತಿದ್ದರು, ಇನ್ನೊಂದರ ಮೇಲೆ ಸಾಸಿನ ಬಾಟಲಿಗಳು. ಒಲೆಯ ಮೇಲೆ ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ಇತ್ತು. ಒಬ್ಬರಿಗೆ ಇಷ್ಟೊಂದು ಯಾಕೆ ಎಂದರೆ, ಸಣ್ಣ ಪಾತ್ರೆಗೆ ಎಷ್ಟು ಉಪ್ಪು ಹಾಕುವುದು ಅಂತ ನನಗೆ ಗೊತ್ತಾಗೋದೇ ಇಲ್ಲ ಎಂದರು. ಚಿಟಿಕೆ ಎನ್ನುವ ಅಳತೆಯೇ ಆ ಕೈಗೆ ಬಾರದು. ಮಾಡಿದ್ದೆಲ್ಲ ಉಪ್ಪುಪ್ಪಾಗಿ, ಚೆಲ್ಲಿ, ಮತ್ತೆ ಮಾಡಿ. ಇಷ್ಟಾದರೂ ಆ ರುಚಿ ಹತ್ತಿರವೂ ಸುಳಿಯಲಿಲ್ಲ.

ನಾದಿನಿಯನ್ನು ಕೇಳಿ ಎಂದು ನಾನೇ ಹೇಳಿದೆ. ಅತ್ತಿಗೆಯ ತಂಗಿ ಊರಿನ ಆ ತುದಿಯಲ್ಲಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಹೋಗಿ ಬಂದರು. ಬಂದು ಮೆಟ್ಟಿಲ ಮೇಲೆ ಕುಳಿತು ವರದಿ ಒಪ್ಪಿಸಿದರು. ಅಕ್ಕ ಏನೂ ಹಾಕುತ್ತಿರಲಿಲ್ಲ ಭಾವ, ಬಾಟಲಿ ಬಗ್ಗಿಸಿ ಬಡಿಸುತ್ತಿದ್ದಳು ಅಷ್ಟೇ, ತಳದಲ್ಲಿ ಅಂಟಿಕೊಂಡರೆ ಒಂದು ಚಮಚ ಬಿಸಿನೀರು ಹಾಕಿ ಅಲ್ಲಾಡಿಸುತ್ತಿದ್ದಳು ಎಂದಳಂತೆ. ಇವರು ಬಿಡದೆ ಕೆದಕಿದಾಗ ಇನ್ನೊಂದು ಮಾತು ಹೇಳಿದಳಂತೆ. ಮದುವೆಯಾದ ಹೊಸದರಲ್ಲಿ ಅತ್ತಿಗೆ ಒಂದೇ ಒಂದು ಸಲ ಸಾಸು ತಾವೇ ಮಾಡಿದ್ದರು. ಹಣ್ಣು ಆರಿಸಿ, ಕುದಿಸಿ, ಸೋಸಿ, ಎರಡು ದಿನ ಒಲೆಯ ಮುಂದೆ ನಿಂತು. ಗಂಡ ಕೆಲಸದಿಂದ ಬಂದವನೇ ಬೆರಳದ್ದಿ ನೆಕ್ಕಿ, ಇದು ಸಪ್ಪೆ, ರೋಗಿಗಳಿಗೆ ಕೊಡೋ ಹಾಗಿದೆ ಎಂದನಂತೆ. ಅತ್ತಿಗೆ ಜಾಡಿಯನ್ನು ಹಾಗೇ ಎತ್ತಿಕೊಂಡು ಹೋಗಿ ತವರಿಗೆ ಕೊಟ್ಟರು. ಮಾರನೆಯ ದಿನದಿಂದ ಅಂಗಡಿ ಸಾಸು.

ಕ್ಯಾಂಟೀನಣ್ಣನಿಗೆ ಅದು ನೆನಪೇ ಇರಲಿಲ್ಲ. ಸಪ್ಪೆ ಇದ್ದಿರಬೇಕು, ಅದಕ್ಕೇ ಅಂದಿರ್ತೀನಿ ಎಂದು ಸಲೀಸಾಗಿ ಅಂದುಬಿಟ್ಟರು. ತವರಿನವರು ಜಾಡಿ ಒರೆಸಿಕೊಂಡು ತಿಂದರಂತಲ್ಲ ಎಂದರೆ, ಅವರಿಗೆಲ್ಲಿದೆ ನಾಲಿಗೆ ಎಂದು ಮೂಗು ಮುರಿದರು. ಕೆಲಸ ಹೋದರೂ ಕೆಲಸದ ಜಂಬ ಹೋಗಿರಲಿಲ್ಲ. ಹೆಂಡತಿ ಏನೋ ಬೆರೆಸುತ್ತಿದ್ದಳು, ತಂಗಿಯಿಂದಲೂ ಮುಚ್ಚಿಟ್ಟಿದ್ದಾಳೆ ಎಂದೇ ಅವರ ವಾದ.

ಹೀಗಿರುವಾಗ ಹಿಂದಿನ ಬೀದಿಯ ಮುದ್ರಣಾಲಯದವರು ಹೊಸ ಯಂತ್ರ ತರಿಸಿದರು. ಆ ಖುಷಿಗೆ ಕೆಲಸಗಾರರಿಗೆಲ್ಲ, ಅವರ ಮನೆಯವರಿಗೆಲ್ಲ ಒಂದು ಊಟ ಹಾಕಿಸಬೇಕೆಂದು ಮಾಲೀಕರು ನನ್ನ ಅಂಗಡಿಗೆ ಸಾಮಾನು ಹೇಳಲು ಬಂದಿದ್ದರು. ಮಾಂಸಕ್ಕೆ ಮಸಾಲೆ ಡಬ್ಬದಲ್ಲೇ ಬರುತ್ತದಲ್ಲ, ಅದನ್ನೇ ಕೊಡಿ ಎಂದರು. ಡಬ್ಬ ಯಾಕೆ ಸ್ವಾಮಿ, ನಮ್ಮಲ್ಲೇ ಮನುಷ್ಯರಿದ್ದಾರೆ ಎಂದು ನಾನು ಕ್ಯಾಂಟೀನಣ್ಣನ ಹೆಸರು ಹೇಳಿದೆ. ವ್ಯಾಪಾರ ಬಿಟ್ಟುಕೊಟ್ಟೆ ಎಂದು ಹೊಗಳಬೇಡಿ, ನನ್ನ ತಲೆ ತಿನ್ನುವುದನ್ನು ಒಂದೆರಡು ದಿನವಾದರೂ ನಿಲ್ಲಿಸಲಿ ಎಂಬ ಆಸೆಯೂ ಇತ್ತು.

ಊಟದ ಹಿಂದಿನ ದಿನ ಮುದ್ರಣಾಲಯದ ಹಿತ್ತಲಿನಲ್ಲಿ ಅವರನ್ನು ನೋಡಬೇಕಿತ್ತು. ತೋಳು ಮಡಚಿ, ತಲೆಗೆ ಬಟ್ಟೆ ಕಟ್ಟಿ, ದೊಡ್ಡ ಪಾತ್ರೆಯ ಮುಂದೆ ನಿಂತಿದ್ದರು. ಬಾಡಿಗೆಗೆ ತಂದ ಪಾತ್ರೆ, ಆದರೂ ಸ್ವಂತದ್ದೆನ್ನುವಂತೆ ಬದಿಗೆ ತಟ್ಟಿ ತಟ್ಟಿ ನೋಡುತ್ತಿದ್ದರು. ವಿನೆಗರಿನ ಘಾಟು ನನ್ನ ಅಂಗಡಿಯವರೆಗೂ ಬಂದಿತ್ತು. ಉಪ್ಪನ್ನು ಬೊಗಸೆಯಲ್ಲಿ ಎತ್ತಿ ಹಾಕಿದರು, ಒಂದು ಹರಳೂ ಹೆಚ್ಚುಕಡಿಮೆ ಆಗಲಿಲ್ಲ ಎಂದು ಆಮೇಲೆ ಊಟ ಮಾಡಿದವರೆಲ್ಲ ಹೇಳಿದರು. ಬೆಳಗಿನಿಂದ ಬೈಗಿನವರೆಗೆ ತಿರುವುವುದು, ಕೈ ಹಿಂಬದಿಗೆ ಹನಿ ಹಾಕುವುದು, ನೆಕ್ಕುವುದು. ಮಧ್ಯಾಹ್ನ ನಾನು ಚಹಾ ಕಳುಹಿಸಿದರೆ ಬೇಡವೆಂದರು. ನಾಲಿಗೆ ಕೆಡುತ್ತದಂತೆ.

ಸಂಜೆ ದೀಪ ಹಾಕುವ ಹೊತ್ತಿಗೆ ಅಂಗಡಿಗೆ ಓಡಿ ಬಂದರು. ಆ ವಯಸ್ಸಿನವರು ಓಡಿದ್ದನ್ನು ನಾನು ಕಂಡಿರಲಿಲ್ಲ, ಏನಾಯಿತಪ್ಪ ಎಂದು ತಕ್ಕಡಿ ಬಿಟ್ಟು ಎದ್ದೆ. ಕೈಯಲ್ಲಿ ಅದೇ ಬಾಟಲಿ, ನಕಲಿ ಎಂದು ನನ್ನ ಮುಖಕ್ಕೆ ಹಿಡಿದು ಆಮೇಲೆ ಮನೆಯ ಕುರ್ಚಿಯ ಮೇಲೆ ಬಿಟ್ಟಿದ್ದರಲ್ಲ, ಅದೇ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಸಿಕ್ತು ತಂಗಿ! ಏನೂ ಬೆರೆಸ್ತಿರಲಿಲ್ಲ. ಹಳೇದು ಮಾಡ್ತಿದ್ದಳು! ತಂದಿಟ್ಟು ತಿಂಗಳುಗಟ್ಟಲೆ ಬಿಡ್ತಿದ್ದಳು, ಅದಕ್ಕೇ ನಾಲ್ಕೈದು ಬಾಟಲಿ ಒಟ್ಟಿಗೆ ಒಯ್ತಿದ್ದದ್ದು. ನನಗೆ ಅಂತಲೇ ಅಲ್ವಾ?"

ಮನೆಗೆ ಹೋದವರು ಹಸಿವಿಗೆ ಬ್ರೆಡ್ಡಿಗೆ ಕೈಗೆ ಸಿಕ್ಕ ಸಾಸು ಸುರಿದುಕೊಂಡರಂತೆ. ಮೊದಲ ತುತ್ತಿಗೇ ಆ ರುಚಿ. ಹಣ್ಣಿನ ರುಚಿ, ಸುಸ್ತು ಇಳಿಸುವ ರುಚಿ. ನನಗೂ ಬೆರಳಿಗೆ ಹಾಕಿ ಕೊಟ್ಟರು. ನನಗೆ ಅದೇ ಸಕ್ಕರೆ ಸಕ್ಕರೆ. ಅವರ ಮುಖ ನೋಡಿ, ಹೌದಣ್ಣ, ಏನೋ ಬೇರೆ ಇದೆ ಎಂದು ಸುಳ್ಳು ಹೇಳಿದೆ. ಅವರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು.

ಬೆಳಗ್ಗೆ ಕದ ತೆರೆಯುವುದಕ್ಕೆ ಮುಂಚೆ ಹೊರಗೆ ನಿಂತಿದ್ದರು. ಮುಖದಲ್ಲಿ ಕಳೆ ಇರಲಿಲ್ಲ. ಹೋಯಿತು ಎಂದರು. ಅದೇ ಬಾಟಲಿ, ಅದೇ ಬ್ರೆಡ್ಡು, ರಾತ್ರಿ ಕಳೆಯುವುದರೊಳಗೆ ಮತ್ತೆ ಗಂಟಲಿಗೆ ಅಂಟುವ ಸಿಹಿ. ಇದೇನು ಮಾಟವೇ ಎಂದು ಕೇಳಿದರು. ನನ್ನದು ಮೊದಲೇ ಹರಕು ಬಾಯಿ. ಈ ಅಂಗಡಿಯಲ್ಲಿ ಸೋಪಿನ ವಾಸನೆ, ಮೀನಿನ ವಾಸನೆ ಎಲ್ಲ ಸೇರಿ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಎಳ್ಳಷ್ಟೂ ಗೊತ್ತಾಗುವುದಿಲ್ಲ. ಅದು ತಲೆಗೆ ಹೊಳೆದದ್ದೇ ತಡ, ಯೋಚಿಸದೆ ಅಂದುಬಿಟ್ಟೆ.

"ಬಾಟಲಿ ಅದೇ ಅಣ್ಣ, ಸಾಸೂ ಅದೇ. ನಿನ್ನೆ ಇಡೀ ದಿನ ನೀವು ಉಪ್ಪು, ವಿನೆಗರು ನೆಕ್ಕಿದ್ರಿ. ನಾಲಿಗೆ ಜೋಮು ಹಿಡಿದಿತ್ತು, ಅದಕ್ಕೇ ರುಚಿಯಾಯ್ತು. ಇಷ್ಟು ವರ್ಷ ಸಂಜೆ ಮನೆಗೆ ಬಂದು ತಿಂತಿದ್ದದ್ದು ಆ ನಾಲಿಗೆಯಿಂದಲೇ ಅಲ್ವಾ?"

ಅವರು ಒಳಗೆ ಬಂದು ಕಪಾಟಿನಿಂದ ಒಂದು ವಿನೆಗರಿನ ಬಾಟಲಿ ತೆಗೆದುಕೊಂಡರು, ಉಪ್ಪಿನ ಪೊಟ್ಟಣ ಒಡೆದರು. ಕೈ ಹಿಂಬದಿಗೆ ಹಾಕಿಕೊಂಡು ನೆಕ್ಕಿದರು, ಮತ್ತೆ ನೆಕ್ಕಿದರು, ಸಾಕು ಅಣ್ಣ ಎಂದರೂ ಬಿಡಲಿಲ್ಲ. ಗಿರಾಕಿಗಳು ಬಂದು ಹೋಗುತ್ತಿದ್ದರು, ಇವರು ಗೋಣಿಚೀಲಗಳ ಪಕ್ಕದಲ್ಲಿ ಕುಳಿತು ಅದನ್ನೇ ಮಾಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಸಾಸಿನ ಬಾಟಲಿಗೆ ಬೆರಳು ಹಾಕಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿಕೊಂಡರು. ಬಂತೇ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ನನಗೆ ನನ್ನ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಹಳೆಯದು ಮಾಡುತ್ತಿದ್ದಳು ಎಂದುಕೊಂಡೇ ಇರಲಿ ಎಂದು ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವರು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ, ಗಟ್ಟಿಯಾಗಿದೆಯೇ ಎಂದು ನೋಡಿ, ಪಕ್ಕಕ್ಕಿಟ್ಟರು. ಇಷ್ಟು ದಿನ ಅವಳ ಮೇಲೆ ಒಂದು ಸಣ್ಣ ಸಿಟ್ಟಿತ್ತು, ನನ್ನಿಂದ ಬಚ್ಚಿಟ್ಟು ಹೋದಳಲ್ಲ ಅಂತ, ಎಂದು ಶುರು ಮಾಡಿದರು. ಸಿಟ್ಟು ಇದ್ದಾಗ ಮನೆಯಲ್ಲಿ ಯಾರೋ ಇದ್ದ ಹಾಗಿತ್ತು ಎಂದರು. ಇನ್ನೇನು ಎದ್ದು ಹೋಗುತ್ತಾರೆ ಎಂದುಕೊಂಡೆ. ಎದ್ದವರು ಬಾಗಿಲಲ್ಲೇ ನಿಂತುಬಿಟ್ಟರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

"ಹಾಗಾದ್ರೆ ಅವಳು ಮಾಡಿದ್ದು ಸಪ್ಪೆ ಇರಲಿಲ್ಲ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಆ ಸಂಜೆಯೂ ಅವರು ಕ್ಯಾಂಟೀನಿನಿಂದಲೇ ಮನೆಗೆ ಬಂದಿದ್ದರು. ಅದೇ ಜೋಮು ಹಿಡಿದ ನಾಲಿಗೆ. ಅತ್ತಿಗೆ ಎರಡು ದಿನ ನಿಂತು ಮಾಡಿದ್ದನ್ನು ಆ ನಾಲಿಗೆಗೆ ತಾಗಿಸಿ ಸಪ್ಪೆ ಎಂದಿದ್ದರು. ಅವಳು ನನಗೆ ಅಂತ ಮಾಡಿದ್ದು ಅದೊಂದೇ, ಅದರ ರುಚಿ ನನಗೆ ಗೊತ್ತೇ ಇಲ್ಲ ಎಂದು ಅವರೇ ಹೇಳಿದರು. ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಬೀದಿಗೆಲ್ಲ ಬುದ್ಧಿ ಹೇಳುವವಳು ತಕ್ಕಡಿ ಒರೆಸುತ್ತ ನಿಂತೆ.

ಮುದ್ರಣಾಲಯದ ಊಟ ಚೆನ್ನಾಗಿಯೇ ಆಯಿತು. ಜನ ಬೆರಳು ಚೀಪಿದರು, ಮಾಲೀಕರು ಬೆನ್ನು ತಟ್ಟಿದರು. ಕ್ಯಾಂಟೀನಣ್ಣ ಒಂದು ತುತ್ತೂ ತಿನ್ನದೆ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತ ಬಂದು ಲಾಂಡ್ರಿಗೆ ಹೋಗಬೇಕು ಎಂದರು. ಒಬ್ಬರನ್ನೇ ಬಿಡಲು ನನಗೆ ಮನಸ್ಸಾಗಲಿಲ್ಲ, ಅಂಗಡಿಯನ್ನು ಮಗಳಿಗೆ ವಹಿಸಿ ಜೊತೆಗೆ ಹೋದೆ. ಲಾಂಡ್ರಿಯ ಒಳಗೆ ಬಿಸಿ ಹಬೆ, ಸಾಲಾಗಿ ತೂಗುಹಾಕಿದ ಅಂಗಿಗಳು. ನಾದಿನಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಟ್ಟೆಯ ಗಂಟು ಸರಿಸಿ ಭಾವನಿಗೆ ಒಂದು ಸ್ಟೂಲು ಕೊಟ್ಟಳು.

"ಅವತ್ತು ನಿನ್ನ ಅಕ್ಕ ಮಾಡಿದ ಸಾಸು, ನೀವು ತಿಂದ್ರಲ್ಲ. ಹೇಗಿತ್ತು ಅದು?"

"ಚೆನ್ನಾಗಿತ್ತು ಭಾವ."

"ಚೆನ್ನಾಗಿತ್ತು ಅಂದ್ರೆ? ಉಪ್ಪು ಎಷ್ಟಿತ್ತು? ಮೊದಲು ಹುಳಿ ಗೊತ್ತಾಗ್ತಿತ್ತಾ, ಸಿಹಿಯಾ? ಬೆಳ್ಳುಳ್ಳಿ ಹಾಕಿದ್ದಳಾ?"

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ನಾನು ಆಗ ಲಂಗ ಹಾಕೋ ಹುಡುಗಿ ಭಾವ. ಅದನ್ನೆಲ್ಲ ಯಾರು ನೋಡ್ತಾರೆ? ಇಷ್ಟ ಆಯ್ತು, ತಿಂದ್ವಿ. ಖಾಲಿ ಆಯ್ತು."

ಕ್ಯಾಂಟೀನಣ್ಣ ಹೌದು ಹೌದು ಎಂಬಂತೆ ತಲೆಯಾಡಿಸಿದರು. ಏಳುತ್ತಾರೇನೋ ಎಂದು ನಾನು ಅವರ ಚೀಲ ಕೈಗೆತ್ತಿಕೊಂಡೆ. ಅವರು ಸ್ಟೂಲನ್ನು ಗೋಡೆಯ ಹತ್ತಿರ ಎಳೆದುಕೊಂಡು, ಓಡಾಡುವವರಿಗೆ ಅಡ್ಡವಾಗದಂತೆ ಕಾಲು ಮಡಚಿ ಕುಳಿತರು.

"ನೀನು ನಿನ್ನ ಕೆಲಸ ಮಾಡ್ತಿರು ತಾಯಿ. ಮಾಡ್ತಾ ಮಾಡ್ತಾ ಏನಾದ್ರೂ ನೆನಪಾದ್ರೆ ಹೇಳು, ನಾನು ಇಲ್ಲೇ ಕೂತಿರ್ತೀನಿ."